ಗಾಡಿ ನಮ್ಮದು, ವೈರಿನ ನಕ್ಷೆ ಯಾರದು?

ನಾನು ಓದಿದ್ದು ಏಳನೇ ಕ್ಲಾಸು. ಕೂರಿಗೆ ಹೂಡೋದು, ಎಡೆಕುಂಟೆ ಹೊಡೆಯೋದು ಗೊತ್ತು. ಹಳೇ ಡೀಸೆಲ್ ಎಂಜಿನ್ನಿನ ನಾಝಲ್ ಬಿಚ್ಚಿ ತೊಳೆದು ಹಾಕೋದೂ ಗೊತ್ತು. ಕಂಪ್ಯೂಟರ್ ಇರುವ ಎಂಜಿನ್ನಿನ ಬಗ್ಗೆ ಪತ್ರಿಕೆಗೆ ಬರೆಯುತ್ತೇನೆ ಅಂತ ಮಾತ್ರ ಎಣಿಸಿರಲಿಲ್ಲ. ಹತ್ತೊಂಬತ್ತು ದಿನ ಗಾಡಿ ನಿಂತು, ಕೈ ಸುಟ್ಟುಕೊಂಡ ಮೇಲೆ ಕಲಿತದ್ದನ್ನು ನಾಲ್ಕು ಜನರ ಮುಂದೆ ಇಡುತ್ತಿದ್ದೇನೆ. ತಪ್ಪಿದ್ದರೆ ತಿಳಿದವರು ತಿದ್ದಲಿ.

ನಮ್ಮದು ಚಳ್ಳಕೆರೆ ಸೀಮೆ. ಏಳು ಎಕರೆ ಕೆಂಪು ನೆಲ, ಎಲ್ಲಾ ಮಳೆ ನಂಬಿದ್ದು. ಶೇಂಗಾ, ಅದರ ಸಾಲಿನ ನಡುವೆ ತೊಗರಿ, ಉಳಿದ ಜಾಗದಲ್ಲಿ ಸಾವೆ. ಬರೀ ಹೊಲ ನಂಬಿದರೆ ಹೊಟ್ಟೆ ತುಂಬೋದು ಕಷ್ಟ. ಹಾಗಾಗಿ ನನ್ನ ಮಗ 2018ರ ಮಾದರಿಯ ಒಂದು ಪಿಕಪ್ ಗಾಡಿಯನ್ನು ಸೆಕೆಂಡ್ ಹ್ಯಾಂಡಲ್ಲಿ ತಗೊಂಡ. ಊರವರ ಶೇಂಗಾ ಮಂಡಿಗೆ ಸಾಗಿಸೋದು, ಕುರಿಗೊಬ್ಬರ ತರೋದು, ಸಂತೆಗೆ ಬಾಡಿಗೆ ಹೋಗೋದು. ಮಳೆ ಕೈಕೊಟ್ಟ ವರ್ಷ ನಮ್ಮ ಮನೆ ನಡೆದದ್ದು ಆ ಗಾಡಿಯಿಂದಲೇ.

2024ರ ಅಕ್ಟೋಬರಿನಲ್ಲಿ, ಶೇಂಗಾ ಕಿತ್ತು ಕಣಕ್ಕೆ ಹಾಕುವ ಹೊತ್ತಿಗೆ ಸರಿಯಾಗಿ, ಅದರ ಎಂಜಿನ್ನಿನ ಕನೆಕ್ಟಿಂಗ್ ರಾಡು ಮುರಿದು ಬ್ಲಾಕನ್ನೇ ತೂತು ಮಾಡಿತು. ಪಕ್ಕದಲ್ಲಿದ್ದ ವೈರಿನ ಕಟ್ಟನ್ನೂ ಹರಿದು ಹಾಕಿತು. ಹೊಸ ಎಂಜಿನ್ನಿನ ರೇಟು ಕೇಳಿದೆವು. ನಮ್ಮ ಎರಡು ವರ್ಷದ ಶೇಂಗಾ ಅದಕ್ಕೇ ಹೋಗುತ್ತಿತ್ತು. ಆದ್ದರಿಂದ ಬೆಂಗಳೂರಿನ ಒಂದು ಗುಜರಿಯಿಂದ ಅದೇ ಕಂಪನಿಯ, ಅದೇ ಮಾದರಿಯ ಎಂಜಿನ್ ತಂದೆವು. ಹಿಂದಿನಿಂದ ಲಾರಿ ಗುದ್ದಿ ಜಜ್ಜಿಹೋದ ಗಾಡಿಯದ್ದು. ಎಂಜಿನ್, ಅದರ ಕಂಪ್ಯೂಟರ್ ಪೆಟ್ಟಿಗೆ, ಆ ಗಾಡಿಯ ಕೀಲಿ, ಕೀಲಿಯನ್ನು ಗುರುತು ಹಿಡಿಯುವ ಚಿಕ್ಕ ಪೆಟ್ಟಿಗೆ, ಎಲ್ಲಾ ಸೇರಿ 62,000 ರೂ. ಬಿಲ್ಲು ತಗೊಂಡೆವು. ಎಂಜಿನ್ ಬದಲಾದರೆ ಆರ್.ಟಿ.ಓ. ಕಚೇರಿಗೆ ತಿಳಿಸಿ ಹೊಸ ನಂಬರನ್ನು ಆರ್.ಸಿ. ಪುಸ್ತಕಕ್ಕೆ ಏರಿಸಬೇಕು. ಬಿಲ್ಲಿಲ್ಲದೆ ಗುಜರಿ ಎಂಜಿನ್ ತರುವ ಕೆಲಸಕ್ಕೆ ಯಾರೂ ಹೋಗಬೇಡಿ.

ಮೂರು ದಿನದ ಕೆಲಸ, ಹದಿನಾರು ದಿನದ ವೈರು

ಎಂಜಿನ್ ಇಳಿಸಿ, ಏರಿಸಿ, ಬೋಲ್ಟು ಬಿಗಿಯೋಕೆ ಹಿಡಿದದ್ದು ಮೂರೇ ದಿನ. ನಮ್ಮ ಮೆಕ್ಯಾನಿಕ್ ಹುಡುಗ ಆ ಕೆಲಸದಲ್ಲಿ ಪಳಗಿದವನು. ಉಳಿದ ಹದಿನಾರು ದಿನ ತಿಂದದ್ದು ವೈರು.

ಗುಜರಿಯವನು ಎಂಜಿನ್ ಬಿಚ್ಚುವಾಗ ವೈರಿನ ಕಟ್ಟಿನ ಪ್ಲಗ್ಗು ಕಳಚೋ ತಾಳ್ಮೆ ಇಲ್ಲದೆ ಕಟ್ಟರ್ ಹಾಕಿ ಕತ್ತರಿಸಿದ್ದ. ಎಂಜಿನ್ ಕಡೆಯ ತುಂಡು ಒಂದಿಷ್ಟು, ಗಾಡಿ ಕಡೆಯ ತುಂಡು ಒಂದಿಷ್ಟು. ಕರೆಂಟಿನದ್ದು, ಅರ್ಥಿನದ್ದು, ಸ್ಟಾರ್ಟರಿನದ್ದು ದಪ್ಪ ವೈರುಗಳು. ಅವನ್ನು ಹುಡುಗ ಬಣ್ಣ ನೋಡಿ ಸೇರಿಸಿದ. ಕಡೆಗೆ ಎರಡು ಸಣ್ಣ ವೈರು ಉಳಿದವು. ಒಂದರ ಮೈಗೆ ಒಂದು ಹಗ್ಗದ ಹುರಿಯಂತೆ ಸುತ್ತಿಕೊಂಡಿದ್ದವು. ಅಂದಕ್ಕೆ ಸುತ್ತಿದ್ದಾರೆ ಅಂದುಕೊಂಡು ಹುಡುಗ ಹುರಿ ಬಿಡಿಸಿದ. ಉದ್ದ ಸಾಲದೆ ಮನೆಯ ಲೈಟಿನ ವೈರು ಏಳಡಿ ಸೇರಿಸಿದ, ಕೈಯಲ್ಲೇ ತಿರುಚಿ ಟೇಪು ಸುತ್ತಿದ. ಅದನ್ನು ಆಲ್ಟರ್ನೇಟರಿನ ದಪ್ಪ ಕೇಬಲ್ ಜೊತೆಗೇ ಬಿಗಿದು ಕಟ್ಟಿದ.

ಗಾಡಿ ಸ್ಟಾರ್ಟ್ ಆಯಿತು! ತೆಂಗಿನಕಾಯಿ ಒಡೆದೆವು. ಊರ ಹೊರಗಿನ ಹಳ್ಳ ದಾಟುವಾಗ ಒಂದು ಜಿಗಿತ. ಮೀಟರಿನ ಮುಳ್ಳೆಲ್ಲ ಸೊನ್ನೆಗೆ ಬಿತ್ತು, ದೀಪಗಳೆಲ್ಲ ಹತ್ತಿಕೊಂಡವು. ಆಫ್ ಮಾಡಿ ಮತ್ತೆ ಕೀಲಿ ತಿರುಗಿಸಿದರೆ ಎಂಜಿನ್ ಹಿಡಿಯಲೇ ಇಲ್ಲ. ಅರ್ಧ ಗಂಟೆ ಬಿಟ್ಟು ನೋಡಿದರೆ ಏನೂ ಆಗಿಲ್ಲದಂತೆ ಸ್ಟಾರ್ಟ್ ಆಯಿತು. ದೆವ್ವ ಹೊಕ್ಕಿದೆ ಅಂತ ಹೇಳಿದವರೂ ಇದ್ದರು.

ಕಂಪನಿಯ ಸರ್ವಿಸ್ ಸೆಂಟರಿಗೆ ಹೋದೆವು. 'ಗುಜರಿ ಎಂಜಿನ್ನಿನ ಗಾಡಿ ನಾವು ಮುಟ್ಟಲ್ಲ' ಅಂದರು. 'ಸರಿ, ನೀವು ಮುಟ್ಟಬೇಡಿ, ಯಾವ ವೈರು ಎಲ್ಲಿಗೆ ಹೋಗುತ್ತೆ ಅನ್ನೋ ನಕ್ಷೆಯ ಹಾಳೆ ಕೊಡಿ, ದುಡ್ಡು ಕೊಡ್ತೀವಿ' ಅಂದೆ. 'ಅದು ಹೊರಗಿನವರಿಗೆ ಕೊಡೋ ಹಾಗಿಲ್ಲ' ಅಂದರು. ಬೇಕಿದ್ದರೆ ಇಡೀ ವೈರಿನ ಕಟ್ಟನ್ನೇ ಹೊಸದು ಹಾಕಿಸಿಕೊಳ್ಳಿ, 38,000 ರೂ. ಅಂತ ಚೀಟಿ ಬರೆದುಕೊಟ್ಟರು. ಗಾಡಿಯ ಯಜಮಾನ ನಾನು. ಹೊರಗಿನವನೂ ನಾನೇ. ಇದು ನನ್ನ ಮನಸ್ಸಿಗೆ ನಾಟಿತು.

ಎರಡು ವೈರಿನಲ್ಲಿ ನಡೆಯೋ ಮಾತು

ಆಮೇಲೆ ತಿಳಿದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಈಗಿನ ಗಾಡಿಯಲ್ಲಿ ಒಂದೇ ಕಂಪ್ಯೂಟರ್ ಇರೋದಿಲ್ಲ. ಎಂಜಿನ್ನಿಗೆ ಒಂದು ಪೆಟ್ಟಿಗೆ, ಮೀಟರಿಗೆ ಒಂದು, ಕೀಲಿಗೆ ಒಂದು, ಕೆಲವದರಲ್ಲಿ ಬ್ರೇಕಿಗೂ ಒಂದು. ಇವೆಲ್ಲ ಒಂದಕ್ಕೊಂದು ಮಾತಾಡಬೇಕು. 'ಕೀಲಿ ನಮ್ಮದೇ, ಎಂಜಿನ್ ಹಿಡಿಸಬಹುದು' ಅಂತ ಕೀಲಿಯ ಪೆಟ್ಟಿಗೆ ಹೇಳಬೇಕು. 'ನೀರು ಇಷ್ಟು ಬಿಸಿಯಾಗಿದೆ' ಅಂತ ಎಂಜಿನ್ ಪೆಟ್ಟಿಗೆ ಮೀಟರಿಗೆ ಹೇಳಬೇಕು. ಒಂದೊಂದು ಮಾತಿಗೆ ಒಂದೊಂದು ವೈರು ಎಳೆದರೆ ಗಾಡಿ ತುಂಬಾ ವೈರೇ ಆಗುತ್ತದೆ. ಅದಕ್ಕೆ ಎಲ್ಲಾ ಪೆಟ್ಟಿಗೆಗೂ ಸೇರಿ ಎರಡೇ ವೈರು. ಇದಕ್ಕೆ 'ಕ್ಯಾನ್' ಅಂತ ಹೆಸರು. ಒಂದು ವೈರು ಹೈ, ಇನ್ನೊಂದು ಲೋ.

ಇದನ್ನು ಜರ್ಮನಿಯ ಬಾಷ್ ಕಂಪನಿ 1986ರಲ್ಲಿ ಲೋಕಕ್ಕೆ ತೋರಿಸಿತು. ಆ ಕಂಪನಿ ನಮಗೇನೂ ಹೊಸದಲ್ಲ. ನಮ್ಮ ಹಳೇ ಎಂಜಿನ್ನುಗಳ 'ಮೈಕೋ ಪಂಪು' ಅವರದ್ದೇ. ಬೆಂಗಳೂರಿನ ಮೈಕೋ 2008ರಲ್ಲಿ ಬಾಷ್ ಅಂತ ಹೆಸರು ಬದಲಿಸಿಕೊಂಡಿತು. ಅವರ ಪಂಪನ್ನು ನಮ್ಮ ಹಳ್ಳಿ ಮೆಕ್ಯಾನಿಕ್‌ಗಳು ಬಿಚ್ಚಿ ಕಲಿತರು. ಈ ಎರಡು ವೈರನ್ನೂ ಕಲಿಯಬಹುದು, ಕಲಿಸುವವರು ಬೇಕು ಅಷ್ಟೆ.

ಗ್ರಾಮಸಭೆ ಇದ್ದ ಹಾಗೆ ಈ ವೈರು. ಒಬ್ಬ ಆಡಿದ್ದು ಎಲ್ಲರಿಗೂ ಕೇಳುತ್ತೆ. ಬೇಕಾದವನು ಎತ್ತಿಕೊಳ್ಳುತ್ತಾನೆ, ಬೇಡದವನು ಬಿಡುತ್ತಾನೆ. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ, ಹೆಚ್ಚು ಮುಖ್ಯವಾದ ಮಾತು ಮುಂದುವರಿಯುತ್ತೆ, ಇನ್ನೊಬ್ಬ ಸುಮ್ಮನಾಗಿ ಕಾಯುತ್ತಾನೆ.

ವೈರಿನ ಎರಡೂ ತುದಿಯಲ್ಲಿ 120 ಓಮಿನ ಒಂದೊಂದು ರೆಸಿಸ್ಟರ್ ಇರುತ್ತದೆ. ಹೆಚ್ಚಾಗಿ ಅದು ಪೆಟ್ಟಿಗೆಯ ಒಳಗೇ ಅಡಗಿರುತ್ತದೆ. ಅದಿಲ್ಲದಿದ್ದರೆ, ಬಾವಿಯಲ್ಲಿ ಕೂಗಿದ ಕೂಗು ತಿರುಗಿ ಬರುವಂತೆ, ಮಾತು ತುದಿಗೆ ಬಡಿದು ವಾಪಸ್ ಬಂದು ಮುಂದಿನ ಮಾತನ್ನು ಕೆಡಿಸುತ್ತದೆ.

ಅಂಕಿ ಸರಿ, ಗಾಡಿ ತಪ್ಪು

ಸರ್ವಿಸ್ ಸೆಂಟರಿನಿಂದ ಬಂದ ಮೇಲೆ ಪೇಟೆಯ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಬಂದ. ಬುದ್ಧಿವಂತನೇ. ಫೋನಿನಲ್ಲಿ ವಿಡಿಯೋ ನೋಡಿ ಈ 120ರ ಲೆಕ್ಕ ತಿಳಿದಿದ್ದ. ಎರಡು ರೆಸಿಸ್ಟರ್ ಅಕ್ಕಪಕ್ಕ ಸೇರಿದರೆ ಅಳತೆಗೆ 60 ಸಿಗಬೇಕು. ಬದುವಿಗೆ ಒಂದು ತೂಬಿದ್ದ ಕಡೆ ಎರಡಿಟ್ಟರೆ ನೀರಿಗೆ ತಡೆ ಅರ್ಧ ಆಗುತ್ತಲ್ಲ, ಹಾಗೆ. ಅವನು ಅಳೆದಾಗ ಮೀಟರ್ 120 ತೋರಿಸಿತು. 'ಒಂದು ರೆಸಿಸ್ಟರ್ ಕಮ್ಮಿ ಇದೆ ಯಜಮಾನ್ರೇ' ಅಂದ. ಹೊರಗಿನಿಂದ ಒಂದು ರೆಸಿಸ್ಟರ್ ತಂದು ಕಟ್ಟಿದ. ಮೀಟರ್ 60 ತೋರಿಸಿತು. 1,500 ರೂ. ತಗೊಂಡು ಹೋದ. ಮರುದಿನ ಹದಿನಾಲ್ಕು ಚೀಲ ಹೇರಿಕೊಂಡ ಗಾಡಿ ಮಂಡಿಯ ದಾರಿಯಲ್ಲಿ ಮತ್ತೆ ನಿಂತಿತು.

ಕಡೆಗೆ ದಾರಿ ತೋರಿಸಿದ್ದು ನಮ್ಮೂರಲ್ಲೇ ಇರುವ, ಟೆಲಿಫೋನ್ ಲೈನ್‌ಮನ್ ಆಗಿ ನಿವೃತ್ತರಾದ ಹಿರಿಯರು. ಗಾಡಿ ರಿಪೇರಿ ಅವರಿಗೆ ಗೊತ್ತಿಲ್ಲ. ಕಟ್ಟೆಯ ಮೇಲೆ ಕೂತು ನನ್ನ ಗೋಳು ಕೇಳಿದವರು ಎದ್ದು ಬಂದು ಬಾನೆಟ್ಟಿನೊಳಗೆ ಇಣುಕಿದರು. 'ಈ ಜೋಡಿ ಯಾಕಪ್ಪ ಬಿಡಿಸಿದ್ರಿ? ಟೆಲಿಫೋನ್ ಕೇಬಲ್ಲಿನಲ್ಲೂ ಹೀಗೇ ಹುರಿ ಹಾಕಿರ್ತಾರೆ. ಪಕ್ಕದ ವೈರಿನ ಗಲಾಟೆ ಎರಡಕ್ಕೂ ಸಮಸಮ ತಾಗಿ ವಜಾ ಆಗಿಹೋಗಲಿ ಅಂತ' ಅಂದರು.

ಆಮೇಲೆ ಬ್ಯಾಟರಿ ಕಳಚಿಸಿ, ಮಲ್ಟಿಮೀಟರಿನ ಎರಡು ಕಡ್ಡಿ ನನ್ನ ಕೈಗೆ ಕೊಟ್ಟರು. ಸ್ಟೀರಿಂಗಿನ ಕೆಳಗಿನ ಸಾಕೆಟ್ಟಿಗೆ ಹಿಡಿಯೋಕೆ ಹೇಳಿ, ಎಂಜಿನ್ ಹತ್ತಿರ ಹೋಗಿ ವೈರಿನ ಕಟ್ಟನ್ನು ಅಲ್ಲಾಡಿಸಿದರು.

'ಎಷ್ಟು ಬಂತು ತಮ್ಮಾ?'

'ಅರವತ್ತು ಅಣ್ಣ. ಇಲ್ಲ, ನಲವತ್ತು. ಈಗ ಮತ್ತೆ ಅರವತ್ತು.'

ನನಗೆ 60 ಬಂದಾಗೆಲ್ಲ ಖುಷಿ. ಅವರಿಗೆ ಅನುಮಾನ. ಎಲೆಕ್ಟ್ರಿಷಿಯನ್ ಕಟ್ಟಿದ ರೆಸಿಸ್ಟರನ್ನು ಕಿತ್ತು ಹಾಕಿಸಿದರು. ಮತ್ತೆ ಅಲ್ಲಾಡಿಸಿದರು. ಈಗ 120, 60, ಮತ್ತೆ 120.

ಗುಟ್ಟು ಅಲ್ಲಿತ್ತು. ರೆಸಿಸ್ಟರ್ ಯಾವತ್ತೂ ಕಮ್ಮಿ ಇರಲಿಲ್ಲ. ಎಂಜಿನ್ ಪೆಟ್ಟಿಗೆಯ ಒಳಗೆ ಒಂದು, ಮೀಟರಿನ ಒಳಗೆ ಒಂದು, ಎರಡೂ ಇದ್ದವು. ಟೇಪಿನೊಳಗಿನ ಕೈ ತಿರುಚಿದ ಜೋಡಣೆ ಸಡಿಲವಾಗಿ, ಎಂಜಿನ್ ಪೆಟ್ಟಿಗೆ ಆಗಾಗ ಸಂಬಂಧ ಕಡಿದುಕೊಳ್ಳುತ್ತಿತ್ತು. ಕಡಿದಾಗ ಮೀಟರಿನ ಕಡೆಯ ಒಂದೇ ಉಳಿದು 120 ಬರುತ್ತಿತ್ತು. ಎಲೆಕ್ಟ್ರಿಷಿಯನ್ ಅಳೆದದ್ದು ಅದೇ ಗಳಿಗೆಯಲ್ಲಿ. ಅವನು ಕಟ್ಟಿದ ಮೂರನೆಯದರಿಂದ, ಸಂಬಂಧ ಕಡಿದಾಗಲೇ 60 ಬರುವ ಹಾಗಾಯಿತು. ಸಂಬಂಧ ಕೂಡಿದಾಗ ಮೂರೂ ಸೇರಿ 40! ಅಂಕಿ ಸರಿ ಬಂತು, ರೋಗ ಹಾಗೇ ಉಳಿಯಿತು. ಬರೀ ಉಳಿಯೋದಲ್ಲ, ಆ ಅಂಕಿಯ ಹಿಂದೆ ರೋಗ ಅಡಗಿ ಕೂತಿತು. ಬೇರು ಕೊಳೆತ ಗಿಡಕ್ಕೆ ಎಲೆ ಹಳದಿ ಆಯ್ತು ಅಂತ ಯೂರಿಯಾ ಎರಚಿದ ಹಾಗೆ.

ಟೇಪು ಬಿಚ್ಚಿದರೆ ತಾಮ್ರ ಕಪ್ಪಾಗಿತ್ತು. ಲೈಟಿನ ವೈರು ಕಿತ್ತು ಎಸೆದೆವು. ಗುಜರಿ ಕಟ್ಟಿನಲ್ಲೇ ಉಳಿದಿದ್ದ ಹುರಿ ಹಾಕಿದ ಜೋಡಿಯನ್ನು ಬೆಸುಗೆ ಹಾಕಿ ಸೇರಿಸಿದೆವು. ಆಲ್ಟರ್ನೇಟರಿನ ಕೇಬಲ್ಲಿನಿಂದ ದೂರ ಕಟ್ಟಿದೆವು. ಈಗ ಎಷ್ಟು ಅಲ್ಲಾಡಿಸಿದರೂ 60. ಖರ್ಚು ಬೆಸುಗೆ ಸೀಸಕ್ಕೆ 40 ರೂ. ಹಿರಿಯರು ಚಹಾ ಕುಡಿದು ಹೋದರು. ಅಂದಿನಿಂದ ಗಾಡಿ ನಿಂತಿಲ್ಲ.

ಆದರೆ ಅಷ್ಟರಲ್ಲಿ ಮಳೆ ಹಿಡಿದು, ಕಣದಲ್ಲಿದ್ದ ಶೇಂಗಾ ನೆನೆದು ಕಾಯಿ ಕಪ್ಪಾಗಿತ್ತು. 22 ಕ್ವಿಂಟಾಲ್, ಕ್ವಿಂಟಾಲಿಗೆ 900 ರೂ. ಕಮ್ಮಿಗೆ ಹೋಯಿತು. 19,800 ರೂ. ಬಾಡಿಗೆ ಗಾಡಿಯ ಖರ್ಚು, ತಪ್ಪಿದ ನಮ್ಮ ಬಾಡಿಗೆ ಬೇರೆ. ಇಷ್ಟೆಲ್ಲ ಒಂದು ಜೋಡಿ ವೈರಿಗೆ, ಒಂದು ಹಾಳೆ ಕಾಗದಕ್ಕೆ.

ನೀವೇ ನೋಡಬಹುದು

ಇದಕ್ಕೆ ದೊಡ್ಡ ಯಂತ್ರ ಬೇಡ. ಪಂಪ್‌ಸೆಟ್ ರಿಪೇರಿಯವರ ಹತ್ತಿರ ಇರುವ ಮಲ್ಟಿಮೀಟರ್ ಸಾಕು.

ಸ್ಟೀರಿಂಗಿನ ಕೆಳಗೆ ಹದಿನಾರು ತೂತಿನ ಸಾಕೆಟ್ ಇರುತ್ತದೆ. ಅಗಲವಾದ ಬದಿ ಮೇಲೆ ಬರುವಂತೆ ನೋಡಿದರೆ ಮೇಲಿನ ಸಾಲು ಎಡದಿಂದ 1ರಿಂದ 8, ಕೆಳಗಿನ ಸಾಲು 9ರಿಂದ 16. ಕ್ಯಾನ್ ವೈರು ಸಾಮಾನ್ಯವಾಗಿ 6ರಲ್ಲಿ ಹೈ, ಅದರ ನೇರ ಕೆಳಗಿನ 14ರಲ್ಲಿ ಲೋ. ಮೊದಲು ಬ್ಯಾಟರಿ ಕಳಚಿ, ಐದಾರು ನಿಮಿಷ ಬಿಟ್ಟು ಈ ಎರಡರ ನಡುವೆ ಓಮ್ ಅಳೆಯಿರಿ.

60ರ ಆಸುಪಾಸು ಬಂದರೆ ಎರಡೂ ತುದಿ ಸರಿ. 120 ಬಂದರೆ ಒಂದು ತುದಿ ಎಲ್ಲೋ ಕಡಿದಿದೆ. 40 ಬಂದರೆ ಒಂದು ರೆಸಿಸ್ಟರ್ ಹೆಚ್ಚಾಗಿದೆ. ಸೊನ್ನೆ ಬಂದರೆ ಎರಡು ವೈರು ಒಂದಕ್ಕೊಂದು ತಾಗಿವೆ. ಏನೂ ತೋರಿಸದಿದ್ದರೆ ಸಾಕೆಟ್ಟಿನ ವೈರೇ ಕಡಿದಿರಬಹುದು. ಕೆಲವು ಹೊಸ ಗಾಡಿಗಳಲ್ಲಿ ಸಾಕೆಟ್ಟಿಗೂ ಒಳಗಿನ ವೈರಿಗೂ ನಡುವೆ ಇನ್ನೊಂದು ಪೆಟ್ಟಿಗೆ ಇರುತ್ತದೆ. ಅಲ್ಲಿ ಈ ಅಳತೆ ನಡೆಯೋದಿಲ್ಲ. ಒಮ್ಮೆ ಅಳೆದು ಬಿಡಬೇಡಿ. ವೈರು ಅಲ್ಲಾಡಿಸುತ್ತಾ ಅಳೆಯಿರಿ.

ಆಮೇಲೆ ಬ್ಯಾಟರಿ ಸೇರಿಸಿ ಕೀಲಿ ಆನ್ ಮಾಡಿ ವೋಲ್ಟ್ ನೋಡಿ. ಅರ್ಥಿಗೂ ಹೈಗೂ ನಡುವೆ ಎರಡೂವರೆಗಿಂತ ಚೂರು ಹೆಚ್ಚು, ಅರ್ಥಿಗೂ ಲೋಗೂ ನಡುವೆ ಎರಡೂವರೆಗಿಂತ ಚೂರು ಕಮ್ಮಿ ಬರಬೇಕು. ಎರಡೂ ಕೂಡಿದರೆ ಹೆಚ್ಚುಕಮ್ಮಿ 5. ಹೈಗೆ ಹೈ, ಲೋಗೆ ಲೋ ಸೇರಬೇಕು. ಅದಲುಬದಲಾದರೆ ಮಾತು ನಡೆಯೋದಿಲ್ಲ.

ಜೋಡಿಸುವಾಗ ಇಂಚಿಗೊಂದು ಸುತ್ತಿನಂತೆ ಹುರಿ ಇರಲಿ. ಜೋಡಣೆಯ ಜಾಗದಲ್ಲಿ ಎರಡಿಂಚಿಗಿಂತ ಹೆಚ್ಚು ಬಿಡಿಸಬೇಡಿ. ಎರಡು ಬೆಸುಗೆ ಒಂದರ ಎದುರಿಗೆ ಒಂದು ಬಾರದಂತೆ ಹಿಂದೆಮುಂದೆ ಇರಲಿ. ಕವಲು ತೆಗೆದರೆ ಒಂದಡಿ ಮೀರಬೇಡಿ. ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಅದರ ವೈರಿಗೆ ಮಾತ್ರ ಮೀಟರ್ ಹಿಡಿಯಬೇಡಿ. ಬ್ರೇಕಿನ ಪೆಟ್ಟಿಗೆ ಇದ್ದರೆ ಅದನ್ನು ಬಲ್ಲವರಿಗೇ ಬಿಡಿ. ಇದರಲ್ಲಿ ಧೈರ್ಯ ತೋರಿಸೋದು ಜಾಣತನ ಅಲ್ಲ.

ನಕ್ಷೆ ಕೇಳೋದು ತಪ್ಪೇ?

'ಇದು ಪಿಕಪ್ಪಿನವರ ಪಾಡು, ನಮಗ್ಯಾಕೆ' ಅನ್ನಬೇಡಿ. 2023ರ ಜನವರಿಯಿಂದ 50 ಎಚ್.ಪಿ.ಗಿಂತ ದೊಡ್ಡ ಟ್ರ್ಯಾಕ್ಟರಿಗೆ ಹೊಸ ಹೊಗೆ ನಿಯಮ ಜಾರಿಯಾಯಿತು. ಅಂಥವುಗಳಲ್ಲಿ ಡೀಸೆಲ್ಲನ್ನು ಅಳೆದು ಬಿಡೋದು ಈಗ ಕಂಪ್ಯೂಟರ್. ನಮ್ಮಂಥವರ ಸಣ್ಣ ಟ್ರ್ಯಾಕ್ಟರುಗಳಲ್ಲಿ ಇನ್ನೂ ಹಳೇ ಪಂಪೇ ಹೆಚ್ಚು. ಆದರೆ ದೊಡ್ಡವರ ಅಂಗಳಕ್ಕೆ ಬಂದದ್ದು ನಮ್ಮ ಅಂಗಳಕ್ಕೆ ಬರೋಕೆ ಎಷ್ಟು ಹೊತ್ತು?

ಕಂಪನಿಯವರ ಮಾತಲ್ಲೂ ಅರ್ಧ ನಿಜ ಇದೆ. ಎಲ್ಲರಿಗೂ ಎಲ್ಲಾ ಗುಟ್ಟು ಕೊಟ್ಟರೆ ಹೊಗೆಯ ಲೆಕ್ಕ ತಪ್ಪಿಸುವವರು, ಕೀಲಿ ಇಲ್ಲದೆ ಗಾಡಿ ಕದಿಯುವವರು ಇರುತ್ತಾರೆ. ಒಪ್ಪುತ್ತೇನೆ. ಆದರೆ ನಾನು ಕೇಳಿದ್ದು ಬೀಗದ ಗುಟ್ಟಲ್ಲ. ಹಸಿರು ವೈರು ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅನ್ನೋ ನಕ್ಷೆ. ಜಮೀನು ಮಾರಿದವನು 'ಪಹಣಿ ಕೊಡ್ತೀನಿ, ಚಕ್ಕುಬಂದಿ ಮಾತ್ರ ಹೇಳಲ್ಲ' ಅಂದರೆ ಯಾರಾದರೂ ಒಪ್ಪುತ್ತಾರಾ?

ಬೇರೆ ಕಡೆ ರೈತರು ಇದನ್ನು ಕೇಳಿ ಪಡೆದಿದ್ದಾರೆ. ಅಮೆರಿಕದ ಕೊಲರಾಡೊ ರಾಜ್ಯ 2023ರಲ್ಲಿ ಕಾನೂನು ಮಾಡಿತು. ಕೃಷಿ ಯಂತ್ರ ಮಾಡುವವರು ಬಿಡಿಭಾಗ, ಸಲಕರಣೆ, ಕೈಪಿಡಿಗಳನ್ನು ರೈತರಿಗೂ ಹೊರಗಿನ ಮೆಕ್ಯಾನಿಕ್‌ಗಳಿಗೂ ಒದಗಿಸಬೇಕು ಅಂತ. ಅದು 2024ರ ಜನವರಿ 1ರಿಂದ ಜಾರಿಯಲ್ಲಿದೆ. ನಮ್ಮಲ್ಲೂ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ 'ರಿಪೇರಿ ಹಕ್ಕಿ'ನ ಬಗ್ಗೆ ಸಮಿತಿ ಮಾಡಿತು. ಮೊದಲು ಆರಿಸಿಕೊಂಡ ನಾಲ್ಕು ವಲಯಗಳಲ್ಲಿ ಕೃಷಿ ಉಪಕರಣವೂ ಇದೆ, ವಾಹನವೂ ಇದೆ. ಅದೇ ವರ್ಷ ಡಿಸೆಂಬರಿನಲ್ಲಿ ಪೋರ್ಟಲ್ಲನ್ನೂ ತೆರೆದರು. ಒಳ್ಳೆಯದೇ. ಆದರೆ ಅದರಿಂದ ನಮ್ಮ ಮೆಕ್ಯಾನಿಕ್ ಹುಡುಗನ ಕೈಗೆ ನಕ್ಷೆಯ ಹಾಳೆ ಬರಲಿಲ್ಲ.

ನನ್ನ ಕೋರಿಕೆ ಸಣ್ಣದು. ಗಾಡಿ, ಟ್ರ್ಯಾಕ್ಟರ್ ಯಾವುದೇ ಮಾರಲಿ, ಅದರ ವೈರಿನ ನಕ್ಷೆ ಕನ್ನಡದಲ್ಲಿ ಸಿಗಬೇಕು. ಪುಕ್ಕಟೆ ಬೇಡ, ನ್ಯಾಯವಾದ ಬೆಲೆಗೆ ಕೊಡಲಿ. ಕೃಷಿ ಮೇಳಕ್ಕೆ ಬರುವ ಕಂಪನಿಯವರ ಮಳಿಗೆಯಲ್ಲಿ ಪ್ರತಿಯೊಬ್ಬ ರೈತ ಇದೊಂದು ಪ್ರಶ್ನೆ ಕೇಳಲಿ: 'ನಕ್ಷೆ ಕೊಡ್ತೀರಾ?' ನೂರು ಜನ ಕೇಳಿದರೆ ಮೇಲಿನವರಿಗೆ ಮುಟ್ಟುತ್ತದೆ.

ನಮ್ಮ ಪಾಲಿನ ಕೆಲಸ

ಬರೀ ಅವರನ್ನೇ ದೂರಿ ಕೂರೋದೂ ಸರಿಯಲ್ಲ. ಹುರಿ ಬಿಡಿಸಿದ್ದು ನಮ್ಮವನೇ. ಬೆಸುಗೆ ಹಾಕದೆ ಟೇಪು ಸುತ್ತಿದ್ದೂ ನಮ್ಮವನೇ. 'ಹೇಗೋ ನಡೆಯುತ್ತೆ' ಅನ್ನೋ ಬುದ್ಧಿ ಹಳೇ ಎಂಜಿನ್ನಿಗೆ ನಡೆಯುತ್ತಿತ್ತು, ಇದಕ್ಕೆ ನಡೆಯೋಲ್ಲ. ಗುಜರಿಯಿಂದ ಎಂಜಿನ್ ತರುವವರು ಎದುರಿಗೆ ನಿಂತು ಪ್ಲಗ್ಗು ಕಳಚಿಸಿ, ಕತ್ತರಿಸೋಕೆ ಬಿಡಬೇಡಿ. ಐ.ಟಿ.ಐ.ಯವರು ಹಳ್ಳಿ ಮೆಕ್ಯಾನಿಕ್‌ಗಳಿಗೆ ಒಂದು ದಿನದ ತರಬೇತಿ ಕೊಟ್ಟರೆ ಈ ವಿದ್ಯೆ ಬರುತ್ತದೆ. ಏಳನೇ ಕ್ಲಾಸಿನ ನನಗೆ ಒಂದು ಮಧ್ಯಾಹ್ನದಲ್ಲಿ ಬಂತು.

ನಮ್ಮ ಮೆಕ್ಯಾನಿಕ್ ಹುಡುಗ ಈಗ ಸ್ವಂತ ಮಲ್ಟಿಮೀಟರ್ ತಗೊಂಡಿದ್ದಾನೆ. ನಮ್ಮ ಗಾಡಿಯ ಆ ಜೋಡಿ ವೈರು ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತ ಒಂದು ನೋಟ್ ಪುಸ್ತಕದ ಹಾಳೆಯಲ್ಲಿ ನಾನೇ ಗೀರಿ ಅವನ ಶೆಡ್ಡಿನ ಗೋಡೆಗೆ ಅಂಟಿಸಿದ್ದೇನೆ. ಅದೇ ಮಾದರಿಯ ಗಾಡಿ ಇಟ್ಟುಕೊಂಡ ಇಬ್ಬರು ಆಗಲೇ ಬಂದು ನೋಡಿ ಬರೆದುಕೊಂಡು ಹೋದರು. ಕಂಪನಿ ಕೊಡೋವರೆಗೆ ನಾವು ಹೀಗೆ ಒಂದೊಂದು ಹಾಳೆ ಬರೆದು ಇಟ್ಟುಕೊಳ್ಳೋಣ. ನಿಮ್ಮಲ್ಲಿ ಯಾರಾದರೂ ಇಂಥದ್ದು ಬಿಡಿಸಿ ತಿಳಿದಿದ್ದರೆ ಈ ಪತ್ರಿಕೆಗೆ ಬರೆಯಿರಿ.